ಇಲ್ಲದ ಮನೆಯ ನಂಬರು

"ನಮ್ಮನೆಯವ್ರ ಮೂಗಿಗೆ ಕಡ್ಡಿ ಹಾಕಿದ್ದು ಯಾರು ಅಂತ ಮೊದಲು ಹೇಳು. ಒಳಗೆ ಬರೋದು ಆಮೇಲೆ."

ಬೈಂಡರನ ಹೆಂಡತಿ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಕೈಯಲ್ಲಿ ಪುಸ್ತಕದ ಬೆನ್ನಿಗೆ ಅಂಟು ಬಳಿಯುವ ಕುಂಚ. ಅಂಟು ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿದ್ದುದರ ಪರಿವೆ ಅವಳಿಗಿರಲಿಲ್ಲ.

ಪೊಲೀಸಕ್ಕ ಮೆಟ್ಟಿಲ ಕೆಳಗೇ ನಿಂತಳು. ಪ್ರೆಸ್ಸುಗಳ ಆ ಬೀದಿಯಲ್ಲಿ ಈ ಹೆಡ್ ಕಾನ್‌ಸ್ಟೆಬಲಳಿಗೆ ಅದೇ ಹೆಸರು. ಬೀದಿಯ ಬಾಯಿಗೆ ಬ್ಯಾರಿಕೇಡ್ ಬೀಳುವ ಮುಂಚೆ ಆ ಹೆಸರಲ್ಲಿ ಸಲಿಗೆಯಿತ್ತು. ಈಗ ಜನ ಅದನ್ನು ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದರು.

"ಅದನ್ನ ತಿಳ್ಕೊಳ್ಳೋಕೇ ಓಡಾಡ್ತಿದೀನಮ್ಮ."

"ಓಡಾಡು. ನಿಂಗೆ ಓಡಾಡೋಕೆ ಯಾವತ್ತೂ ಪಾಸ್ ಬೇಕಿರ್ಲಿಲ್ಲ."

ಮಾತು ಚುರುಕ್ಕೆಂದಿತು. ಪೊಲೀಸಕ್ಕ ಚಪ್ಪಲಿ ಬಿಟ್ಟು ಅಲ್ಲೇ ನಿಂತಳು. ಕೊನೆಗೆ ಬೈಂಡರಮ್ಮನೇ ಪಕ್ಕಕ್ಕೆ ಸರಿದಳು.

ಒಳಗೆ ಒಂದೇ ಕೋಣೆ. ಅರ್ಧ ಮನೆ, ಅರ್ಧ ಕೆಲಸದ ಜಾಗ. ರಟ್ಟು ಕತ್ತರಿಸುವ ಯಂತ್ರದ ಮೇಲೆ ಬೈಂಡರನ ಕನ್ನಡಕ ಇನ್ನೂ ಹಾಗೇ ಕೂತಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಿಕೊಂಡು, ಉಳಿದ ಐದು ದಿನ ಅದೇ ಯಂತ್ರದ ಮುಂದೆ ಕೂತು ಏಳು ವರ್ಷ ಬದುಕಿದ್ದ ಮನುಷ್ಯ. ಬೀದಿ ಸೀಲ್‌ಡೌನ್ ಆದ ಒಂಬತ್ತನೇ ದಿನ ಹೋಗಿಬಿಟ್ಟ.

"ಡಯಾಲಿಸಿಸ್ಸಿಗೆ ಹೋಗ್ಬೇಕು ಅಂತ ಮೂರನೇ ದಿನ ನಿನ್ನ ಬ್ಯಾರಿಕೇಡಿಗೆ ಬಂದ್ವಿ. ಆಸ್ಪತ್ರೆ ಚೀಟಿಗೆ ಸೀಲ್ ಇಲ್ಲ ಅಂದೆ. ಆರನೇ ದಿನ ಸೀಲ್ ಹಾಕಿಸ್ಕೊಂಡು ಬಂದ್ವಿ. ಇವ್ರು ಪಾಸಿಟಿವ್, ಅಲ್ಲಿ ಸೇರಿಸ್ಕೊಳ್ಳಲ್ಲ, ಬೇರೆ ಆಸ್ಪತ್ರೆ ಹೇಳೋ ತನಕ ಕಾಯಿ ಅಂದೆ. ಕಾದ್ವಿ. ಏನಮ್ಮ, ಸುಳ್ಳಾ?"

"ಸುಳ್ಳಲ್ಲ."

"ಸತ್ತ ಮೇಲೆ ಸರ್ಟಿಫಿಕೇಟಲ್ಲಿ ಸೋಂಕಿನಿಂದ ಅಂತ ಬರೆದ್ರು. ಅವ್ರ ಮೂಗು ಯಾರೂ ಮುಟ್ಟಿರ್ಲಿಲ್ಲ. ನಾನು ಪಕ್ಕದಲ್ಲೇ ಇದ್ದೆನಲ್ಲ, ಇಪ್ಪತ್ನಾಲ್ಕು ಗಂಟೆ! ಟಿವಿಯಲ್ಲಿ ಅವತ್ತಿನ ಲೆಕ್ಕ ಓದಿದ್ರು. ಹತ್ತೊಂಬತ್ತು ಸಾವು. ಹತ್ತೊಂಬತ್ತರಲ್ಲಿ ಒಂದು ನಂದು, ಅದು ಸುಳ್ಳು. ಉಳಿದ ಹದಿನೆಂಟು ನಿಜ ಅಂತ ನಾನು ಯಾಕೆ ನಂಬ್ಲಿ?"

ರೋಗವೇ ಸುಳ್ಳು ಎನ್ನುವವರ ಗುಂಪಿಗೆ ಪೊಲೀಸಕ್ಕ ಸೇರಿದವಳಲ್ಲ. ಅವಳ ಠಾಣೆಯಲ್ಲಿ ದಾಖಲೆ ಬರೆಯುತ್ತಿದ್ದ ರೈಟರ್, ಇಪ್ಪತ್ತು ವರ್ಷ ಪಕ್ಕದ ಮೇಜಿನಲ್ಲಿ ಕೂತವನು, ಉಸಿರಿಗೆ ಒದ್ದಾಡಿ ಸತ್ತದ್ದನ್ನು ಗಾಜಿನಾಚೆ ನಿಂತು ಕಣ್ಣಾರೆ ಕಂಡಿದ್ದಳು. ರೋಗ ನಿಜ. ಹಾಗಾಗಿ ಬೀದಿಯ ಸೋಂಕಿತರದೆಂದು ಬಂದ ಪಟ್ಟಿಯೂ ನಿಜವೆಂದು ನಂಬಿದಳು. ಆ ನಂಬಿಕೆಯ ಮೇಲೇ ಇಪ್ಪತ್ತೆಂಟು ದಿನ ಬ್ಯಾರಿಕೇಡಿಗೆ ಬೆನ್ನು ಕೊಟ್ಟು ನಿಂತಳು.

ಈಗ ಬ್ಯಾರಿಕೇಡ್ ತೆಗೆದು ಎರಡು ತಿಂಗಳು. ಕೇಸಿಲ್ಲ, ಫೈಲಿಲ್ಲ. ಮುಗಿದದ್ದನ್ನ ಕೆದಕಬೇಡಿ ಅಂತ ಇನ್‌ಸ್ಪೆಕ್ಟರ್ ಒಂದೇ ಮಾತಲ್ಲಿ ಹೇಳಿದ್ದರು. ಅವಳು ತನ್ನ ವಾರದ ರಜೆಯಲ್ಲಿ ಕೆದಕುತ್ತಿದ್ದಳು. ಪಟ್ಟಿಯಲ್ಲಿ ಹದಿನಾಲ್ಕು ಜನ. ಹನ್ನೆರಡು ಮಂದಿ ಆಗಲೇ ಒಂದೇ ಮಾತು ಹೇಳಿದ್ದರು: ನಮಗೆ ಯಾರೂ ಪರೀಕ್ಷೆ ಮಾಡಲೇ ಇಲ್ಲ. ಹದಿಮೂರನೆಯವನು ಈ ಬೈಂಡರ್. ಉಳಿದವರು ಒಬ್ಬರೇ, ಬೀದಿಯ ಕೊನೆಯ ಕರಡು ಮೇಷ್ಟ್ರು.

ಹೊರಗೆ ಬಂದಾಗ ಕಾಗದದಂಗಡಿಯವನು ಅರ್ಧ ಷಟರ್ ಎತ್ತಿ ಕೂತಿದ್ದ. ಅವಳನ್ನು ಕಂಡೊಡನೆ ದನಿ ಎತ್ತರಿಸಿದ.

"ಪೊಲೀಸಕ್ಕ, ಒಂದು ಡೌಟು. ಬೆಳಗ್ಗೆ ಏಳರಿಂದ ಹತ್ತರ ತನಕ ಅಂಗಡಿ ತೆಗಿಬಹುದಿತ್ತಲ್ಲ, ಆ ಮೂರು ಗಂಟೆ ರೋಗಕ್ಕೆ ರಜೆ ಮಂಜೂರು ಮಾಡಿದ್ದು ಯಾರು?"

ಪಕ್ಕದಲ್ಲಿದ್ದವರು ನಕ್ಕರು. ಆ ನಗುವಿನಲ್ಲಿ ತಮಾಷೆಗಿಂತ ಉರಿ ಹೆಚ್ಚಿತ್ತು. ಅವಳು ಕೇಳಿಸದವಳಂತೆ ಮುಂದೆ ನಡೆದಳು.

* * *

ಕರಡು ಮೇಷ್ಟ್ರ ಮನೆ ಮುಚ್ಚಿಹೋದ ಪ್ರೆಸ್ಸಿನ ಮೇಲಿನ ಮಹಡಿ. ನಲವತ್ತು ವರ್ಷ ಅಚ್ಚಿನ ತಪ್ಪು ಹುಡುಕಿದವರು. ಎಂಬತ್ತೊಂದಾದರೂ ಆ ಚಾಳಿ ಬಿಟ್ಟಿರಲಿಲ್ಲ. ಸರ್ಕಾರ ದಿನಾ ಹೊರಡಿಸಿದ ಸೋಂಕಿನ ಲೆಕ್ಕವನ್ನೆಲ್ಲ ಪತ್ರಿಕೆಯಿಂದ ಕತ್ತರಿಸಿ ದೊಡ್ಡ ಪುಸ್ತಕಕ್ಕೆ ಅಂಟಿಸಿ, ಕೆಂಪು ಶಾಯಿಯಲ್ಲಿ ತಿದ್ದಿಟ್ಟಿದ್ದರು.

"ಕೂತ್ಕೊಳಮ್ಮ. ಲೆಕ್ಕ ಬರುತ್ತಾ? ಸೋಮವಾರದ ತನಕ ಸತ್ತವರು ಇನ್ನೂರ ಹನ್ನೊಂದು. ಮಂಗಳವಾರ ಹೊಸದಾಗಿ ಆರು. ಒಟ್ಟು?"

"ಇನ್ನೂರ ಹದಿನೇಳು."

"ಅಚ್ಚಾಗಿರೋದು ಇನ್ನೂರ ಒಂಬತ್ತು. ಎಂಟು ಜನ ಎದ್ದು ಮನೆಗೆ ಹೋದ್ರು!" ಮೇಷ್ಟ್ರು ಹಲ್ಲಿಲ್ಲದ ಬಾಯಿ ತೆರೆದು ನಕ್ಕು, ಥಟ್ಟನೆ ನಿಲ್ಲಿಸಿದರು. "ಮೊದಮೊದಲು ನಂಗೂ ನಗು ಬರ್ತಿತ್ತು. ನಮ್ಮ ಬೈಂಡರ್ ಹೋದ ಮೇಲೆ ಬರ್ತಿಲ್ಲ."

"ಮೇಷ್ಟ್ರೇ, ನಿಮ್ಮ ಮೂಗಿಗೆ ಕಡ್ಡಿ..."

"ಇಲ್ಲ. ಗಂಟಲಿಗೂ ಇಲ್ಲ. ಒಂದಿನ ಬೆಳಗ್ಗೆ ಬಂದು ಬಾಗಿಲಿಗೆ ಸೋಂಕಿದೆ ಅಂತ ಕೆಂಪು ಚೀಟಿ ಅಂಟಿಸಿದ್ರು, ಆಸ್ಪತ್ರೇಲಿ ಜಾಗ ಇಲ್ಲ, ಮನೇಲೇ ಇರಿ ಅಂದ್ರು. ಅದಕ್ಕೆ ಮುಂಚೆ ಒಂದು ಪ್ರಹಸನ ಆಯ್ತು. ಹನ್ನೆರಡು ಬಾರ್ ಏಳು ಎಲ್ಲಿದೆ ಅಂತ ಇಡೀ ಬೀದಿ ಹುಡುಕಿದ್ರು. ಆ ನಂಬರಿನ ಮನೆ ಈ ಬೀದೀಲೇ ಇಲ್ಲ. ಕೊನೆಗೆ ವಯಸ್ಸು ನೋಡಿದ್ರು. ಎಂಬತ್ತೊಂದು ವರ್ಷದ ಗಂಡಸು ಅಂದ್ರೆ ನಾನೊಬ್ನೇ. ತಗೋ, ನಂಗೇ ಅಂಟಿಸಿದ್ರು."

ಪೊಲೀಸಕ್ಕ ಕೈಚೀಲದಿಂದ ಪಟ್ಟಿ ತೆಗೆದಳು. ಅಂದು ಬ್ಯಾರಿಕೇಡಿಗೆ ಹಚ್ಚಿದ್ದ ಅದೇ ಹಾಳೆ. ಹೆಸರುಗಳಿರಲಿಲ್ಲ. ಮನೆ ನಂಬರು, ವಯಸ್ಸು, ಗಂಡೋ ಹೆಣ್ಣೋ, ಅಷ್ಟೇ. ಹನ್ನೊಂದನೇ ಸಾಲು: 12/7, 81, ಗಂಡು.

"ನಿಮ್ಮ ಮನೆ ನಂಬರು?"

"ಹದಿನೇಳು ಬಾರ್ ಎರಡು."

ಮೇಷ್ಟ್ರು ಹಾಳೆಯನ್ನು ಇಸಿದುಕೊಂಡು ಕನ್ನಡಕ ಹಣೆಗೇರಿಸಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು.

"ತಪ್ಪಿನಲ್ಲೂ ಜಾತಿ ಇದೆ ಕಣಮ್ಮ. ನೋಡಿ ಬರೆಯುವಾಗ ಆಗೋ ತಪ್ಪು ಒಂದು ತರ. ಏಳು ಹೋಗಿ ಒಂದಾಗುತ್ತೆ, ಅಂಕಿ ಬಿಟ್ಟುಹೋಗುತ್ತೆ. ಇದು ಆ ತರದ್ದಲ್ಲ. ಇದು ಕಿವಿತಪ್ಪು. ಯಾರೋ ಬಾಯಲ್ಲಿ ಹದಿನೇಳು ಬಾರ್ ಎರಡು ಅಂದಿದಾರೆ. ಇನ್ಯಾರೋ ಹನ್ನೆರಡು ಬಾರ್ ಏಳು ಅಂತ ಕೇಳಿಸ್ಕೊಂಡು ಬರೆದಿದಾರೆ. ವೋಟರ್ ಲಿಸ್ಟಲ್ಲಿ, ಕರೆಂಟ್ ಬಿಲ್ಲಲ್ಲಿ, ಎಲ್ಲ ಕಡೆ ನನ್ನ ನಂಬರು ಸರಿಯಾಗೇ ಇದೆ. ಅವನ್ನ ನೋಡಿ ಬರೆದಿದ್ರೆ ಹೀಗಾಗ್ತಿರ್ಲಿಲ್ಲ."

"ಹಾಗಾದ್ರೆ ನೀವು ಬಾಯಲ್ಲಿ ಯಾರಿಗೆ ಹೇಳಿದ್ರಿ, ನೆನಪು ಮಾಡ್ಕೊಳ್ಳಿ."

ಮೇಷ್ಟ್ರು ಹಾಳೆ ಮಡಚಿ ಅವಳ ಕೈಗಿತ್ತರು.

"ನೆನಪು ಮಾಡ್ಕೊಳ್ಳೋದೇನು ಬಂತು. ನಿಂಗೇ ಹೇಳಿದ್ದು."

"ನಂಗಾ?"

"ಸೀಲ್‌ಡೌನಿಗೆ ಮೂರು ದಿನ ಮುಂಚೆ. ಬಾಗಿಲಲ್ಲಿ ನಿಂತು, ನೀನೂ ಮಾಸ್ಕು ನಾನೂ ಮಾಸ್ಕು, ನೀಲಿ ಪುಸ್ತಕದಲ್ಲಿ ಬರ್ಕೊಂಡೆ. ವಯಸ್ಸಾದೋರಿಗೆ ಮಾತ್ರೆ ತಂದ್ಕೊಡ್ತೀನಿ ಅಂದೆ. ತಂದೂ ಕೊಟ್ಟೆ, ಇಲ್ಲ ಅನ್ನಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ನಾಟಿತು. "ನಾನು ತಪ್ಪು ತೋರಿಸೋನು ಮಾತ್ರ. ತಪ್ಪು ಯಾರದ್ದು ಅಂತ ಹೇಳೋದು ನನ್ನ ಕಸುಬಲ್ಲ."

ಅವಳು ನೇರ ಮನೆಯತ್ತ ನಡೆದಳು. ಆ ನೀಲಿ ಪುಸ್ತಕ ಠಾಣೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಅದು ಇದ್ದದ್ದು ಅವಳ ಮನೆಯ ಬೀರುವಿನಲ್ಲಿ.

* * *

ಮನೆಯಲ್ಲಿ ಭಾನುವಾರದ ಸದ್ದು. ಮಹಡಿಯ ಮೇಲೆ ಯಾರೋ ಗಸಗಸ ಉಜ್ಜುತ್ತಿದ್ದರು. ಗಂಡ ಅಂಗಡಿಗೆ ಹೋಗಿದ್ದ. ಆರೋಗ್ಯ ಇಲಾಖೆಯ ಅಂಕಿಅಂಶ ವಿಭಾಗದಲ್ಲಿ ಗುಮಾಸ್ತನಾದ ಅವನಿಗೆ ಭಾನುವಾರ ರಜೆ ಸಿಗತೊಡಗಿದ್ದೇ ಇತ್ತೀಚೆಗೆ.

ಅವಳು ಬೀರು ತೆರೆದಳು. ಸೀರೆಗಳ ಕೆಳಗೆ ನೀಲಿ ಪುಸ್ತಕ ಇಟ್ಟಲ್ಲೇ ಇತ್ತು. ಪ್ರೆಸ್ಸುಗಳ ಬೀದಿಯ ಪುಟ ತೆಗೆದಳು. ಅವಳದೇ ಅಕ್ಷರ: 12/7, 81, ಬಿಪಿ ಮಾತ್ರೆ. ಅಲ್ಲಿಗೆ ಮುಗಿಯಲಿಲ್ಲ. ಹದಿನಾಲ್ಕು ಮನೆಗಳ ಮುಂದೆ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಗೀಟು ಎಳೆದಿತ್ತು. ಆ ಗೀಟು ಅವಳದಲ್ಲ.

ಪುಸ್ತಕ ಹಿಡಿದು ಮಹಡಿ ಹತ್ತಿದಳು.

ಮೈದುನ ಸಿಮೆಂಟಿನ ನೀರಿನ ಟ್ಯಾಂಕಿನೊಳಗೆ ಇಳಿದು ಪಾಚಿ ಉಜ್ಜುತ್ತಿದ್ದ. ಅಂಗಿ, ಫೋನು ಎರಡೂ ಟ್ಯಾಂಕಿನ ಅಂಚಿನಲ್ಲಿದ್ದವು. ಅವಳು ಮದುವೆಯಾಗಿ ಈ ಮನೆಗೆ ಬಂದಾಗ ಅವನು ಏಳನೇ ಕ್ಲಾಸು. ತಾಯಿಯಿಲ್ಲದ ಹುಡುಗನಿಗೆ ತಲೆ ಬಾಚಿ, ಮಗ್ಗಿ ಒಪ್ಪಿಸಿಕೊಂಡು, ಪರೀಕ್ಷೆಯ ದಿನ ಗೇಟಿನವರೆಗೆ ಬಿಟ್ಟು ಬಂದವಳು. ಓದು ಮುಗಿಸಿ ಲ್ಯಾಬ್ ಟೆಕ್ನೀಷಿಯನ್ ಆದ. ಕೆಲಸ ಸಿಕ್ಕಿದ್ದು ಮಾತ್ರ ರೋಗ ಬಂದ ಮೇಲೆ. ನಾಲ್ಕು ತಿಂಗಳ ಗುತ್ತಿಗೆ, ಊರಿನವರ ಮೂಗಿಗೆ ಕಡ್ಡಿ ಹಾಕುವ ಕೆಲಸ.

ಅವಳು ಬಾಯಿ ಬಿಡುವ ಮುಂಚೆಯೇ ಪುಸ್ತಕ ಅವನ ಕಣ್ಣಿಗೆ ಬಿತ್ತು. ಉಜ್ಜುವ ಸದ್ದು ನಿಂತಿತು.

"ಈ ಗೀಟು ನಿಂದೇನೋ?"

ಅವನು ಮುಖ ತಿರುಗಿಸಿ ಮತ್ತೆ ಗೋಡೆ ಉಜ್ಜಲು ಹೋದ.

"ಮೇಲೆ ಬಾ ಅಂತ ಕರೆಯಲ್ಲ. ಅಲ್ಲೇ ನಿಂತು ಹೇಳು. ನನ್ನ ಮುಖ ನೋಡ್ಕೊಂಡು ಹೇಳು."

"ಅತ್ತಿಗೆ..." ಅವನು ಬ್ರಶ್ಶನ್ನು ಎದೆಗೆ ಅವಚಿಕೊಂಡ. "ದಿನಕ್ಕೆ ಅರವತ್ತು ಸ್ಯಾಂಪಲ್ ಕೊಡಬೇಕಿತ್ತು. ಕಮ್ಮಿ ಆದ್ರೆ ನಾಳೆಯಿಂದ ಬರಬೇಡ ಅಂತಿದ್ರು. ಜನ ಬಾಗಿಲು ತೆಗೀತಿರ್ಲಿಲ್ಲ. ಒಂದು ಕಡೆ ನಾಯಿ ಛೂ ಬಿಟ್ರು. ಇನ್ನೊಂದು ಕಡೆ, ನೀವೇ ರೋಗ ಹಚ್ಚೋರು ಅಂತ ಬಿಸಿನೀರು ಎರಚಿದ್ರು. ನಿಮ್ಗೆ ತೋರಿಸಿದ್ನಲ್ಲ, ಕೈ ಸುಟ್ಟಿದ್ದು?"

ತೋರಿಸಿದ್ದ. ಅವಳೇ ಮುಲಾಮು ಹಚ್ಚಿದ್ದಳು.

"ಅವತ್ತು ನಲವತ್ತಾರೇ ಆಗಿತ್ತು. ಹದಿನಾಲ್ಕು ಕಮ್ಮಿ. ಸಂಜೆ ಆರಕ್ಕೆ ವ್ಯಾನ್ ಹೊರಡೋದು. ವಿಳಾಸ, ವಯಸ್ಸು ಎಲ್ಲ ಸರಿಯಾಗಿರಬೇಕಲ್ಲ, ಹಿಂದಿನ ದಿನವೇ ನಿಮ್ಮ ಪುಸ್ತಕದಿಂದ ಬರ್ಕೊಂಡಿದ್ದೆ, ಬೇಕಾದ್ರೆ ಇರಲಿ ಅಂತ. ವ್ಯಾನಿನ ಹಿಂದೆ ಕೂತು ಹದಿನಾಲ್ಕು ಕಡ್ಡೀನೂ ನನ್ನ ಮೂಗಿಗೇ ಹಾಕ್ಕೊಂಡೆ."

"ಹದಿನಾಲ್ಕೂ?"

"ಕೊನೆಕೊನೆಗೆ ರಕ್ತ ಬಂತು, ಅತ್ತಿಗೆ."

ಪೊಲೀಸಕ್ಕನಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅದೇ ಗಳಿಗೆಯಲ್ಲಿ ಆ ಮೂಗನ್ನು ಸೆರಗಿನಿಂದ ಒರೆಸಬೇಕೆಂದೂ ಅನಿಸಿ ತನ್ನ ಮೇಲೇ ಅಸಹ್ಯವಾಯಿತು. ಟ್ಯಾಂಕಿನ ಅಂಚಿನ ಮೇಲೆ ಕುಸಿದು ಕೂತಳು.

"ನಿಂಗೆ ಸೋಂಕಿತ್ತು. ಅದು ಹದಿನಾಲ್ಕು ಜನದ ಲೆಕ್ಕಕ್ಕೆ ಹೋಯ್ತು. ಬೀದಿ ಮುಚ್ತು. ಆ ಬೈಂಡರ್ ಸತ್ತ. ಅವನ ಹೆಂಡ್ತಿ ಮುಂದೆ ನಾನು ಯಾವ ಮುಖ ಇಟ್ಕೊಂಡು ನಿಲ್ಲಲೋ? ನನ್ನ ಮನೇಲಿ ಉಂಡು, ನನ್ನ ಪುಸ್ತಕಕ್ಕೇ ಕನ್ನ ಹಾಕಿದ್ಯಲ್ಲೋ!"

"ನಂಗೆ ಸೋಂಕಿರ್ಲಿಲ್ಲ."

"ಏನಂದೆ?"

"ಇರ್ಲಿಲ್ಲ ಅತ್ತಿಗೆ. ಕಡ್ಡಿ ಹಾಕ್ಕೊಂಡಿದ್ದು ನನ್ನ ತಪ್ಪು, ಸಾಯೋ ತನಕ ತಪ್ಪೇ. ಆದ್ರೆ ಪಾಸಿಟಿವ್ ಮಾಡಿದ್ದು ನಾನಲ್ಲ. ಹದಿನಾಲ್ಕಕ್ಕೂ ನನ್ನ ಫೋನ್ ನಂಬರೇ ಕೊಟ್ಟಿದ್ದೆ, ಆ ಜನಕ್ಕೆ ಫೋನ್ ಹೋಗಬಾರದು ಅಂತ. ಮರುದಿನ ಬೆಳಗ್ಗೆ ಲ್ಯಾಬಿಂದ ಹದಿನಾಲ್ಕು ಮೆಸೇಜು ನಂಗೇ ಬಂತು. ಫೋನ್ ತೆಗೆದು ನೋಡಿ."

ಅವನು ಹೇಳಿದ ನಾಲ್ಕು ಅಂಕಿಗಳನ್ನು ಒತ್ತಿದಳು. ಫೋನು ತೆರೆಯಿತು. ಹಳೆಯ ಮೆಸೇಜುಗಳಲ್ಲಿ ಬೆರಳು ಎಳೆಯುತ್ತ ಹೋದಳು. ಬೀದಿ ಮುಚ್ಚಿದ ದಿನ, ಬೆಳಗ್ಗೆ ಆರೂ ನಲವತ್ತು. ಸಾಲಾಗಿ ಹದಿನಾಲ್ಕು. ನೆಗೆಟಿವ್. ನೆಗೆಟಿವ್. ನೆಗೆಟಿವ್. ಒಂದೊಂದನ್ನೂ ತೆರೆದಳು. ಒಂದಾದರೂ ಬೇರೆಯಿರಬಹುದೆಂಬ ಆಸೆ. ಇರಲಿಲ್ಲ.

ಅವಳು ಬ್ಯಾರಿಕೇಡ್ ಎಳೆದು ನಿಲ್ಲಿಸಿದ್ದು ಅದೇ ದಿನ ಹನ್ನೊಂದು ಗಂಟೆಗೆ.

"ನಡುವೆ ನಾಲ್ಕು ಗಂಟೆ," ಅಂದಳು, ಅವನಿಗೋ ತನಗೋ ತಿಳಿಯದೆ. "ಅಷ್ಟರಲ್ಲಿ ನೆಗೆಟಿವ್ ಹೋಗಿ ಪಾಸಿಟಿವ್ ಆಯ್ತು. ಹೇಗೆ?"

"ಮೆಸೇಜು ತಾನಾಗೇ ಬರುತ್ತೆ, ಅದನ್ನ ಯಾರೂ ಮುಟ್ಟೋಕಾಗಲ್ಲ. ಬೀದಿ ಮುಚ್ಚೋ ಪಟ್ಟಿ ಮಾತ್ರ ಆಫೀಸಲ್ಲಿ ಕೂತು ಟೈಪ್ ಮಾಡ್ತಾರೆ."

"ಯಾವ ಆಫೀಸಲ್ಲಿ?"

ಮೈದುನ ತಲೆ ಎತ್ತಲಿಲ್ಲ. "ಅಣ್ಣನ ಜೊತೆ ಮಾತಾಡಿರೋದೂ ಅದರಲ್ಲೇ ಇದೆ," ಅಂದ. "ಅಳಿಸು ಅಂದಿದ್ದ. ಎಷ್ಟು ಸಲ ಬೆರಳಿಟ್ಟೆ. ಆಗ್ಲಿಲ್ಲ."

ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದೇ ಬೆಳಗ್ಗೆ, ಏಳೂ ಐದು. ಮೈದುನ ಬರೆದಿದ್ದ: "ಅಣ್ಣಾ, ನಿನ್ನೆ ಹೇಳಿದ್ನಲ್ಲ, ಆ ಹದಿನಾಲ್ಕೂ ನೆಗೆಟಿವ್. ಬಚಾವಾದೆ."

ಒಂದು ನಿಮಿಷದ ನಂತರ ಅವಳ ಗಂಡನ ಉತ್ತರ.

"ಮೆಸೇಜ್ ಎಲ್ಲ ಅಳಿಸು. ಆ ಬೀದಿ ಇವತ್ತು ಮುಚ್ಚಲೇಬೇಕು. ಅತ್ತಿಗೆಗೆ ಗೊತ್ತಾಗಬಾರದು."

ಅವಳು ಅದನ್ನು ಮೂರು ಸಲ ಓದಿದಳು. ಮದುವೆಯಾಗಿ ಹದಿನೆಂಟು ವರ್ಷ. ಆ ಇಪ್ಪತ್ತೆಂಟು ದಿನವೂ ಬ್ಯಾರಿಕೇಡಿಗೆ ಹೊರಡುವಾಗ ನೀರಿನ ಬಾಟಲಿ ತುಂಬಿಸಿ ಕೊಟ್ಟವನು ಅವನು. ಬೈಂಡರ್ ಸತ್ತ ದಿನ ಅವಳು ಊಟ ಬಿಟ್ಟು ಅತ್ತಾಗ, ನೀನು ನಿನ್ನ ಕೆಲಸ ಮಾಡಿದೆ ಬಿಡು ಎಂದು ತಲೆ ಸವರಿದವನೂ ಅವನೇ.

ಕೆಳಗೆ ಗೇಟಿನ ಚಿಲಕ ಸದ್ದಾಯಿತು. ಮೆಟ್ಟಿಲ ಮೇಲೆ ಪರಿಚಿತ ಹೆಜ್ಜೆ.

"ಅತ್ತಿಗೆ, ಅಣ್ಣ..." ಮೈದುನ ಮೇಲೇರಲು ಟ್ಯಾಂಕಿನ ಅಂಚು ಹಿಡಿದ.

"ನೀನು ಬಾಯಿ ಮುಚ್ಕೊಂಡು ಅಲ್ಲೇ ಇರು."

ಗಂಡ ಕೈಚೀಲ ಹಿಡಿದು ಮಹಡಿಗೆ ಬಂದ. ಟ್ಯಾಂಕಿಗೆ ಹಾಕಲು ಬ್ಲೀಚಿಂಗ್ ಪೌಡರ್ ತಂದಿದ್ದ. ಹೆಂಡತಿಯ ಒಂದು ಕೈಯಲ್ಲಿ ತಮ್ಮನ ಫೋನು, ಇನ್ನೊಂದರಲ್ಲಿ ನೀಲಿ ಪುಸ್ತಕ. ಅವನ ಮುಖದಲ್ಲಿ ಗಾಬರಿ ಕಾಣಲಿಲ್ಲ. ಬಹಳ ದಿನದಿಂದ ಹೊತ್ತ ಮೂಟೆಯನ್ನು ಇಳಿಸಿ ಎಂದು ಯಾರೋ ಹೇಳಿದಂತೆ ಭುಜ ಕೆಳಗಾಯಿತು.

"ಆ ಬೀದಿ ಯಾಕೆ ಮುಚ್ಚಲೇಬೇಕಿತ್ತು ರೀ?"

ಯಾವ ಬೀದಿ ಎಂದು ಅವನು ಕೇಳಲಿಲ್ಲ.

"ಕೇಳ್ತಾ ಇದೀನಿ. ಆರೋಗ್ಯವಾಗಿದ್ದ ಹದಿನಾಲ್ಕು ಜನಕ್ಕೆ ರೋಗ ಬರೆದ್ರಿ. ನನ್ನ ಕೈಯಲ್ಲೇ ಬೀಗ ಹಾಕಿಸಿದ್ರಿ. ಯಾರು ಹೇಳಿದ್ರು? ಯಾರ ಒತ್ತಡ ಇತ್ತು? ಅದನ್ನಾದ್ರೂ ಹೇಳಿ, ನಂಗೆ ಸ್ವಲ್ಪ ಸಮಾಧಾನ ಆಗ್ಲಿ."

"ಯಾರೂ ಹೇಳಿಲ್ಲ."

"ಮತ್ತೆ?"

"ನಿನ್ನ ಮುಚ್ಚಿಡೋಕೆ ಆ ಬೀದಿ ಮುಚ್ಚಿದೆ."

ಅವಳಿಗೆ ಅರ್ಥವಾಗಲಿಲ್ಲ. ಗಂಡ ಚೀಲವನ್ನು ನೆಲಕ್ಕಿಟ್ಟ. ಪೌಡರಿನ ಪೊಟ್ಟಣ ಹರಿದು ಬಿಳಿ ಪುಡಿ ಚೆಲ್ಲಿತು.

"ರೈಟರ್ ಸತ್ತ ಮೇಲೆ ನಿಮ್ಮ ಠಾಣೆಯವರಿಗೆಲ್ಲ ಟೆಸ್ಟ್ ಮಾಡಿಸಿದ್ರಲ್ಲ. ನೀನು ಡ್ಯೂಟೀಲಿ ಇರ್ತೀನಿ ಅಂತ ನನ್ನ ಫೋನ್ ನಂಬರು ಕೊಟ್ಟಿದ್ದೆ."

"ನಂದು ನೆಗೆಟಿವ್ ಬಂತು. ನೀವೇ ಹೇಳಿದ್ರಿ."

"ನಾನೇ ಹೇಳಿದ್ದೆ." ಅವನು ಅವಳ ಕಣ್ಣು ತಪ್ಪಿಸಿದ. "ರೈಟರ್‌ನ ಕರ್ಕೊಂಡು ಹೋದ ಜಾಗಕ್ಕೇ ನಿನ್ನನ್ನೂ ಕರ್ಕೊಂಡು ಹೋಗ್ತಿದ್ರು, ಪೊಲೀಸರನ್ನ ಮನೇಲಿ ಬಿಡ್ತಿರ್ಲಿಲ್ಲ. ಅವನು ತಿರುಗಿ ಬರ್ಲಿಲ್ಲ. ಅದಕ್ಕೆ ಪಾಸಿಟಿವ್ ಪಟ್ಟಿಯಿಂದ ನಿನ್ನ ಹೆಸರು ತೆಗೆದೆ. ತೆಗೆದ ಮೇಲೆ ಹೊಳೀತು, ನೀನು ಮೂರು ದಿನದಿಂದ ಆ ಬೀದೀಲಿ ಮನೆಮನೆಗೆ ಹೋಗಿ ಮುದುಕರಿಗೆ ಮಾತ್ರೆ ಕೊಡ್ತಾ ಇದ್ದೆ ಅಂತ. ಅವರಿಗೆ ಹತ್ತಿದ್ರೆ ಊರಿಗೆಲ್ಲ ಹರಡುತ್ತೆ. ಬೀದಿ ಮುಚ್ಚಬೇಕು ಅಂದ್ರೆ ಕಾರಣ ಬೇಕು. ಇವನ ಹದಿನಾಲ್ಕು ಸ್ಯಾಂಪಲ್ಲು ಕೈಲಿತ್ತು. ಅವತ್ತು ನಿಜವಾದ ಪಾಸಿಟಿವ್ ಒಂದೇ ಕಣೆ. ಅದು ನಿಂದು. ಮನೇಲಿ ಎರಡು ವಾರ ನಾನು ಹೊರಗಿನ ಕೋಣೇಲಿ ಮಲಗಿದ್ದು ಯಾಕೆ ಅಂದ್ಕೊಂಡಿದ್ದೆ?"

ಆಫೀಸಿನಿಂದ ತಾನೇನಾದರೂ ರೋಗ ತಂದರೆ ಅವಳಿಗೆ ತಗುಲದಿರಲಿ ಎಂದಿದ್ದ. ಅವಳು ನಂಬಿದ್ದಳು. ಹೆಮ್ಮೆಪಟ್ಟಿದ್ದಳು ಕೂಡ.

ಚೆಲ್ಲಿದ ಪುಡಿಯ ಘಾಟು ಮೇಲೇರಿ ಅವಳ ಕಣ್ಣಲ್ಲಿ ನೀರು ತರಿಸಿತು. ಬ್ಯಾರಿಕೇಡಿನ ಸುತ್ತ ದಿನಕ್ಕೆ ನಾಲ್ಕು ಸಲ ಇದೇ ಪುಡಿ ಚೆಲ್ಲುತ್ತಿದ್ದರು. ಜೊತೆಯ ಪೇದೆ ಮೂಗು ಮುಚ್ಚಿಕೊಂಡು ದೂರ ಓಡುತ್ತಿದ್ದ. ಅವಳು ಮಾತ್ರ ಅಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದಳು. ಮೊದಲ ವಾರವಿಡೀ ಅವಳಿಗೆ ಯಾವ ವಾಸನೆಯೂ ಹತ್ತಿರಲಿಲ್ಲ. ಮೂರನೇ ದಿನ ಕಾಲು ಸೋತು ನಿಂತ ಬೈಂಡರನಿಗೆ ಹೆಗಲು ಕೊಟ್ಟು ಮನೆಯವರೆಗೆ ನಡೆಸಿಕೊಂಡು ಹೋದದ್ದೂ ಅದೇ ವಾರ.

"ಈ ವಿಷಯ ಗೊತ್ತಿರೋದು ಈ ಮಹಡಿ ಮೇಲಿರೋ ಮೂರು ಜನಕ್ಕೆ," ಎಂದು ಗಂಡ ಒಂದು ಹೆಜ್ಜೆ ಮುಂದೆ ಬಂದು ಕೈ ಚಾಚಿದ. "ಆ ಫೋನ್ ಇಲ್ಲಿ ಕೊಡು."